ಗೀಸರ್ ರಿಪೇರಿ ಮಾಡಿಸಬೇಕಾ, ಹೊಸದೇ ತರಬೇಕಾ?

ಪುಣೆಯಲ್ಲಿ ಕೋಣೆ ಬೆಚ್ಚಗಿಡುವ ಯಂತ್ರ ಹೆಚ್ಚಿನ ಮನೆಗಳಲ್ಲಿ ಇರುವುದಿಲ್ಲ. ಇಲ್ಲಿನ ಚಳಿಗೆ ನಮಗಿರುವ ಆಸರೆ ಬಚ್ಚಲುಮನೆಯ ಗೋಡೆ ಮೇಲಿರುವ ಗೀಸರ್ ಒಂದೇ. ಬೇಸಿಗೆ, ಮಳೆಗಾಲದಲ್ಲಿ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಡಿಸೆಂಬರ್‌ನಲ್ಲಿ ಬೆಳಗಿನ ತಾಪಮಾನ 10 ಡಿಗ್ರಿ ಹತ್ತಿರ ಇಳಿದಾಗಲೇ ಅದು ಕೈಕೊಡುತ್ತದೆ. ಆಗ ಮಿಸ್ತ್ರಿ ಸಿಗುವುದಿಲ್ಲ, ಸಿಕ್ಕವನು ಒಂದು ಸಲ ಕತ್ತೆತ್ತಿ ನೋಡಿ "ಟಾಕಿ ಗೇಲಿ, ನವೀನ್ ಘ್ಯಾ" (ಟ್ಯಾಂಕ್ ಹೋಯಿತು, ಹೊಸದು ತಗೊಳ್ಳಿ) ಅಂದುಬಿಡುತ್ತಾನೆ, ನಾವು ಮಕ್ಕಳ ಸ್ಕೂಲು, ಆಫೀಸಿನ ಗಡಿಬಿಡಿಯಲ್ಲಿ ಹತ್ತಿರದ ಅಂಗಡಿಗೆ ಓಡಿ ಸಿಕ್ಕಿದ್ದನ್ನು ತಂದು ಹಾಕಿಸುತ್ತೇವೆ. ಚೆನ್ನಾಗಿದ್ದ ಗೀಸರ್ ಭಂಗಾರ್‌ವಾಲಾನ (ಗುಜರಿಯವನ) ಗಾಡಿ ಹತ್ತುತ್ತದೆ. ಇದರ ಉಲ್ಟಾನೂ ನಡೆಯುತ್ತದೆ: ಮುಗಿದುಹೋದ ಗೀಸರ್‌ಗೆ ವರ್ಷಾ ವರ್ಷ ಕಾಯಿಲ್ ಹಾಕಿಸುತ್ತಾ ಹೊಸದರ ಅರ್ಧ ದುಡ್ಡು ಅದಕ್ಕೇ ಸುರಿಯುತ್ತೇವೆ.

ಹಾಗಾಗಿ ಗೀಸರ್ ಪರೀಕ್ಷಿಸುವ ಕೆಲಸವನ್ನು ದೀಪಾವಳಿಗೆ ಮುಂಚೆಯೇ ಮಾಡಿ. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ನೀರು ಕಾಯಿಸುವ ಮೊದಲು ಒಂದು ಭಾನುವಾರ ಒಂದೆರಡು ಗಂಟೆ ಕೊಟ್ಟರೆ ಸಾಕು.

ಮೊದಲಿಗೆ ಒಂದು ವಿಷಯ ಮನಸ್ಸಲ್ಲಿ ಇಟ್ಟುಕೊಳ್ಳಿ. ಗೀಸರ್ ಎಂದರೆ ಒಳಗಿನ ಟ್ಯಾಂಕ್. ಉಳಿದದ್ದೆಲ್ಲ, ಅಂದರೆ ನೀರು ಕಾಯಿಸುವ ಕಾಯಿಲ್, ಬೇಕಾದಷ್ಟು ಬಿಸಿಯಾದಾಗ ಕರೆಂಟು ಕಡಿಯುವ ಥರ್ಮೋಸ್ಟಾಟ್, ಅತಿಯಾಗಿ ಕಾದರೆ ಕಡಿಯುವ ಕಟ್‌ಔಟ್, ಸಂದಿ ಮುಚ್ಚುವ ಗ್ಯಾಸ್ಕೆಟ್, ವಾಲ್ವ್, ಇಂಡಿಕೇಟರ್ ಲೈಟು, ಎಲ್ಲವೂ ಬಿಚ್ಚಿ ಬದಲಾಯಿಸುವ ಭಾಗಗಳು. ಹಂಡೆ ತೂತಾದ ಮೇಲೆ ಒಲೆ ಎಷ್ಟು ಚೆನ್ನಾಗಿ ಉರಿದರೇನು, ಇದೂ ಹಾಗೇ. ಟ್ಯಾಂಕ್ ಗಟ್ಟಿಯಾಗಿದೆಯಾ ಇಲ್ಲವಾ ಎಂಬುದು ಗೊತ್ತಾದರೆ ಮುಕ್ಕಾಲು ನಿರ್ಧಾರ ಆದಂತೆ.

ನೀರು ಎಲ್ಲಿಂದ ಸೋರುತ್ತಿದೆ?

ಜನ ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೀಸರ್ ಕೆಳಗೆ ನೀರು ತೊಟ್ಟಿಕ್ಕಿದರೆ ಟ್ಯಾಂಕ್ ಹೋಯಿತು ಎಂದು ಅರ್ಥ ಅಲ್ಲ. ನೀರು ಬರುವ ಜಾಗಗಳು ನಾಲ್ಕು, ಅದರಲ್ಲಿ ಮೂರು ಚಿಕ್ಕ ಖರ್ಚಿನವು.

ಗೀಸರ್‌ನ ಸ್ವಿಚ್ ಮಾತ್ರ ಅಲ್ಲ, ಮೇನ್ ಬೋರ್ಡಿನಲ್ಲಿರುವ ಅದರ ಎಂಸಿಬಿಯನ್ನೂ (ಫ್ಯೂಸ್ ಬದಲಿಗೆ ಇರುವ ಸ್ವಿಚ್) ಆಫ್ ಮಾಡಿ. ಹಳೆ ಬಟ್ಟೆಯಿಂದ ಪೈಪು, ಜಾಯಿಂಟು, ಕೆಳಗಿನ ಮುಚ್ಚಳ ಎಲ್ಲ ಒಣಗುವ ಹಾಗೆ ಒರೆಸಿ. ಆಮೇಲೆ ಪ್ರತಿ ಜಾಗಕ್ಕೂ ಒಂದೊಂದು ಟಿಶ್ಯೂ ಪೇಪರ್ ತುಂಡು ಸುತ್ತಿ ಒಂದು ಗಂಟೆ ಬಿಡಿ. ಯಾವ ತುಂಡು ಮೊದಲು ಒದ್ದೆಯಾಗುತ್ತದೋ ಅಲ್ಲಿಂದ ಸೋರಿಕೆ.

ತಣ್ಣೀರು ಒಳಗೆ ಹೋಗುವ, ಬಿಸಿನೀರು ಹೊರಗೆ ಬರುವ ಕನೆಕ್ಷನ್ ಪೈಪಿನ ತುದಿ ಒದ್ದೆಯಾದರೆ ವಾಷರ್ ಅಥವಾ ಪೈಪ್ ಬದಲಿಸಿದರೆ ಮುಗಿಯಿತು. ಇದಕ್ಕೆ ಹೊಸ ಗೀಸರ್ ತರಿಸಿದವರು ಇದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಎರಡನೆಯದು ಸೇಫ್ಟಿ ವಾಲ್ವ್. ತಣ್ಣೀರಿನ ಪೈಪ್ ಗೀಸರ್ ಸೇರುವಲ್ಲಿ ಇರುವ ಹಿತ್ತಾಳೆಯ ಚಿಕ್ಕ ತುಣುಕು. ನೀರು ಕಾಯುವಾಗ ಅದರಿಂದ ಹನಿ ಬಿದ್ದರೆ ಹೆದರಬೇಡಿ, ಅದರ ಕೆಲಸವೇ ಅದು. ನೀರು ಬಿಸಿಯಾದಾಗ ಹಿಗ್ಗುತ್ತದೆ. 15 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಬಂದರೆ ಸುಮಾರು 230 ಮಿಲಿ ಜಾಸ್ತಿಯಾಗುತ್ತದೆ, ದೊಡ್ಡ ಲೋಟದಷ್ಟು. ನೀರು ಹಿಂದಕ್ಕೆ ಹೋಗದಂತೆ ತಡೆ ಇರುವುದರಿಂದ, ನಲ್ಲಿ ಮುಚ್ಚಿದ್ದಾಗ ಆ ನೀರು ಈ ವಾಲ್ವ್ ಮೂಲಕವೇ ಹೊರಗೆ ಬರಬೇಕು. ದಯವಿಟ್ಟು ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚಬೇಡಿ. ಒತ್ತಡ ಹೋಗಲು ದಾರಿ ಇಲ್ಲದೆ ಟ್ಯಾಂಕ್ ಸಿಡಿಯುವ ಅಪಾಯ ನಿಜವಾಗಿಯೂ ಇದೆ. ಗೀಸರ್ ತಣ್ಣಗಿದ್ದಾಗಲೂ ಹನಿ ನಿಲ್ಲದಿದ್ದರೆ ಮಾತ್ರ ವಾಲ್ವ್ ಸವೆದಿದೆ ಅಥವಾ ನಿಮ್ಮ ಮನೆಗೆ ನೀರಿನ ಒತ್ತಡ ಜಾಸ್ತಿ ಬರುತ್ತಿದೆ. ಎರಡಕ್ಕೂ ಪರಿಹಾರ ಇದೆ.

ಮೂರನೆಯದು ಕೆಳಗಿನ ಮುಚ್ಚಳದೊಳಗೆ, ಕಾಯಿಲ್ ಕೂತಿರುವ ತಟ್ಟೆಯ ಸುತ್ತ ಇರುವ ರಬ್ಬರ್ ಗ್ಯಾಸ್ಕೆಟ್. ಬಿಸಿಗೆ ರಬ್ಬರ್ ಒಣಗಿ ಬಿರುಕು ಬಿಡುತ್ತದೆ. ಇದೂ ಬದಲಿಸುವ ವಸ್ತುವೇ. ಆದರೆ ನೀರು ವೈರ್ ಟರ್ಮಿನಲ್ ಪಕ್ಕದಲ್ಲೇ ಜಿನುಗುವುದರಿಂದ, ಸರಿಯಾಗುವವರೆಗೂ ಗೀಸರ್ ಆನ್ ಮಾಡಲೇಬಾರದು.

ನಾಲ್ಕನೆಯದೇ ಕೆಟ್ಟ ಸುದ್ದಿ. ಪೈಪು, ವಾಲ್ವು, ಗ್ಯಾಸ್ಕೆಟ್ ಎಲ್ಲ ಒಣಗಿವೆ, ಆದರೂ ಹೊರಗಿನ ಕವಚದ ಸಂದಿಯಿಂದ ತುಕ್ಕು ಬಣ್ಣದ ನೀರು ಇಳಿಯುತ್ತಿದೆ, ಗೋಡೆ ಮೇಲೆ ಕಂದು ಗೆರೆ ಬಿದ್ದಿದೆ. ಒಳಗಿನ ಟ್ಯಾಂಕ್ ತೂತಾಗಿ, ನೀರು ಇನ್ಸುಲೇಷನ್ ತೋಯಿಸಿ ಹೊರಗೆ ಬರುತ್ತಿದೆ ಎಂದರ್ಥ. ಈಗಿನ ಬಹುತೇಕ ಟ್ಯಾಂಕ್‌ಗಳ ಒಳಗೆ ಗಾಜಿನ ಲೇಪ ಇರುತ್ತದೆ, ವೆಲ್ಡಿಂಗ್ ಬಿಸಿಗೆ ಆ ಲೇಪ ಸುಟ್ಟುಹೋಗುತ್ತದೆ, ಆಮೇಲೆ ಪಕ್ಕದಲ್ಲೇ ಇನ್ನೊಂದು ತೂತು. ಹಳೇ ತಾಮ್ರದ ಟ್ಯಾಂಕ್ ಆಗಿದ್ದರೆ ಬೆಸುಗೆ ಹಾಕುವ ಕೈಗಳು ಇವೆ, ಅದು ಬೇರೆ ಮಾತು. ಉಳಿದವರು ಇಲ್ಲಿಗೆ ರಿಪೇರಿ ಯೋಚನೆ ಬಿಟ್ಟುಬಿಡಿ.

ಮಿಸ್ತ್ರಿ ಬಂದಾಗ "ಕುಠೂನ್ ಗಳತಂಯ್ ತೇ ದಾಖವಾ" ಎಂದು ಕೇಳಿ. ಎಲ್ಲಿಂದ ಸೋರುತ್ತಿದೆ ತೋರಿಸಿ ಅಂತ. ಒಳ್ಳೆ ಕೆಲಸಗಾರ ಸಂತೋಷದಿಂದ ಮುಚ್ಚಳ ಬಿಚ್ಚಿ ತೋರಿಸುತ್ತಾನೆ. ಬಿಚ್ಚದೆಯೇ ಟ್ಯಾಂಕ್ ಹೋಗಿದೆ ಎನ್ನುವವನ ಮಾತು ಕೇಳಿ ದುಡ್ಡು ಖರ್ಚು ಮಾಡಬೇಡಿ.

ಶಾಕ್ ಹೊಡೆದರೆ ಅಲ್ಲಿಗೇ ನಿಲ್ಲಿಸಿ

ನಲ್ಲಿ ಮುಟ್ಟಿದಾಗ ಜುಮ್ ಅನ್ನುತ್ತಿದೆ, ಷವರ್ ನೀರಲ್ಲಿ ಸಣ್ಣಗೆ ಕಚ್ಚಿದ ಹಾಗಾಗುತ್ತಿದೆ, ಗೀಸರ್ ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿದೆ. ಇದರಲ್ಲಿ ಯಾವುದೇ ಒಂದು ಕಂಡರೂ ಆ ಕ್ಷಣದಿಂದ ಗೀಸರ್ ಬಂದ್. "ಚಪ್ಪಲಿ ಹಾಕಿಕೊಂಡು ಸ್ನಾನ ಮಾಡಿದರೆ ಏನೂ ಆಗಲ್ಲ" ಎನ್ನುವ ಮಾತನ್ನು ನಾನೂ ಕೇಳಿದ್ದೇನೆ, ಅದು ಪ್ರಾಣದ ಜೊತೆ ಆಟ.

ಸಾಮಾನ್ಯವಾಗಿ ಇಲ್ಲಿ ಆಗಿರುವುದು ಇಷ್ಟು: ಕಾಯಿಲ್‌ನ ಲೋಹದ ಕವಚ ಬಿರುಕು ಬಿಟ್ಟು ನೀರು ಒಳಗೆ ಹೋಗಿದೆ, ಕರೆಂಟು ನೀರಿಗೆ ಸೇರುತ್ತಿದೆ. ಕಾಯಿಲ್ ಬದಲಿಸಿದರೆ ಗೀಸರ್ ಉಳಿಯುತ್ತದೆ. ಆದರೆ ಶಾಕ್ ಮೈಗೆ ತಗುಲಿತು ಎಂದರೆ ಮನೆಯ ಅರ್ಥಿಂಗ್ ಕೂಡ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಬೇಕು, ಅದು ಸರಿ ಇದ್ದಿದ್ದರೆ ಕರೆಂಟು ಅರ್ಥ್ ವೈರಿನಲ್ಲಿ ಇಳಿದುಹೋಗುತ್ತಿತ್ತು. ಸದಾಶಿವ ಪೇಠ್, ನಾರಾಯಣ ಪೇಠ್ ಕಡೆಯ ಹಳೆ ಕಟ್ಟಡಗಳಲ್ಲಿ ಇದನ್ನು ನೋಡಲೇಬೇಕು. ಹೊಸ ಗೀಸರ್ ತಂದು ಅದೇ ಅರ್ಥಿಂಗ್ ಇಲ್ಲದ ಸಾಕೆಟ್‌ಗೆ ಹಾಕಿದರೆ ಏನೂ ಬದಲಾದಂತೆ ಆಗುವುದಿಲ್ಲ. ಸಾಕೆಟ್ 16 ಆಂಪಿನದ್ದೇ ಇರಬೇಕು. ಪ್ಲಗ್ ಟಾಪ್ ಕಂದಾಗಿದ್ದರೆ, ಕರಗಿದ ವಾಸನೆ ಬರುತ್ತಿದ್ದರೆ ಮೊದಲು ಸಾಕೆಟ್ ಮತ್ತು ವೈರ್ ನೋಡಿಸಿ. 30 ಮಿಲಿ ಆಂಪಿನ ಆರ್‌ಸಿಸಿಬಿ ಇಲ್ಲದ ಮನೆಯಾಗಿದ್ದರೆ, ಗೀಸರ್ ಬದಲಿಸುವುದಕ್ಕಿಂತ ಮೊದಲ ಖರ್ಚು ಅದೇ ಆಗಲಿ.

ನೀರು ಸರಿಯಾಗಿ ಕಾಯುತ್ತಿಲ್ಲ

ಇದಕ್ಕೆ ಗಡಿಯಾರ ಹಿಡಿದು ನೋಡಿ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ತರಲು ಬೇಕಾಗುವುದು ಸುಮಾರು 0.7 ಯೂನಿಟ್ ಕರೆಂಟು. 2000 ವ್ಯಾಟ್ ಕಾಯಿಲ್ ಆದರೆ 20-25 ನಿಮಿಷ. 25 ಲೀಟರ್ ಗೀಸರ್‌ಗೆ 35-40 ನಿಮಿಷ. ತಣ್ಣೀರು ತುಂಬಿದ ಗೀಸರ್ ಆನ್ ಮಾಡಿ, ಲೈಟು ಆರುವವರೆಗೆ ಎಷ್ಟು ಹೊತ್ತು ಅಂತ ಬರೆದುಕೊಳ್ಳಿ.

ತುಂಬಾ ಹೊತ್ತು ತೆಗೆದುಕೊಂಡರೆ ಗೀಸರ್ ಮೇಲೆ ತಪ್ಪು ಹೊರಿಸುವ ಮುಂಚೆ ವೋಲ್ಟೇಜ್ ನೋಡಿ. ಬೆಳಗ್ಗೆ ಎಲ್ಲ ಮನೆಗಳಲ್ಲೂ ಗೀಸರ್ ಹಾಕಿದಾಗ ಕೆಲವು ಕಡೆ ವೋಲ್ಟೇಜ್ ಇಳಿಯುತ್ತದೆ. 230 ಇರಬೇಕಾದದ್ದು 180ಕ್ಕೆ ಇಳಿದರೆ ನಿಮ್ಮ 2000 ವ್ಯಾಟಿನ ಕಾಯಿಲ್ ಸುಮಾರು 1225 ವ್ಯಾಟಿನದ್ದಾಗುತ್ತದೆ. ಹೊಸ ಗೀಸರ್ ಹಾಕಿದರೂ ಅಷ್ಟೇ ಹೊತ್ತು ಬೇಕು. ಇದಕ್ಕೆ ಇಲ್ಲಿನ ಕರೆಂಟು ಕಂಪನಿ ಮಹಾವಿತರಣಕ್ಕೆ ದೂರು ಕೊಡಬೇಕು, ಅಂಗಡಿಗೆ ಹೋಗಬಾರದು.

ಬೇಗನೇ ಲೈಟು ಆರಿ ನೀರು ಮಾತ್ರ ಉಗುರುಬೆಚ್ಚಗಿದ್ದರೆ ಥರ್ಮೋಸ್ಟಾಟ್ ತಪ್ಪಾಗಿ ಕಡಿಯುತ್ತಿದೆ. ಚಿಕ್ಕ ಭಾಗ, ಬದಲಿಸಿ. ನೀರು ಕುದಿಯುವಷ್ಟು ಬಿಸಿಯಾಗಿ ನಲ್ಲಿಯಿಂದ ಆವಿ ಬರುತ್ತಿದ್ದರೂ ಅದೇ ಥರ್ಮೋಸ್ಟಾಟ್, ಆದರೆ ಇದು ಅಪಾಯದ ಕಡೆಯದು, ಆಫ್ ಮಾಡಿ ಇಡಿ. ಬಿಸಿ ಸರಿ ಇದೆ, ಆದರೆ ಮೊದಲು ಒಂದು ಬಕೆಟ್ ತುಂಬುತ್ತಿದ್ದದ್ದು ಈಗ ಮುಕ್ಕಾಲಿಗೇ ತಣ್ಣಗಾಗುತ್ತಿದೆ ಎಂದರೆ ಟ್ಯಾಂಕ್ ತಳದಲ್ಲಿ ಸುಣ್ಣ ಸೇರಿ ನೀರಿನ ಜಾಗ ತಿಂದಿರಬಹುದು. ಕಾಯುವಾಗ ಕಟಕಟ, ಸುಯ್ ಎಂಬ ಸದ್ದು ಬಂದರೆ ಅದೂ ಸುಣ್ಣದ್ದೇ.

ಬಿಸಿನೀರಿನ ನಲ್ಲಿಯ ಧಾರೆ ಸಣ್ಣಗಾಗಿದೆ, ತಣ್ಣೀರು ಮಾತ್ರ ಜೋರಾಗಿ ಬರುತ್ತಿದೆ ಎಂದರೆ ಪೈಪಿನ ಬಾಯಲ್ಲಿ ಸುಣ್ಣ ಕಟ್ಟಿದೆ. ಸ್ವಚ್ಛ ಮಾಡಿಸಿದರೆ ಸಾಕು.

ನೀರಿನ ಬಣ್ಣಕ್ಕೆ ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಗೀಸರ್ ನೀರು. ಎರಡೂ ಕೆಂಪಗಿದ್ದರೆ ಸೊಸೈಟಿಯ ಟ್ಯಾಂಕು ಅಥವಾ ಹಳೆ ಕಬ್ಬಿಣದ ಪೈಪಿನ ಸಮಸ್ಯೆ. ಗೀಸರ್ ನೀರು ಮಾತ್ರ ಕೆಂಪಗಿದ್ದು, ಎರಡು ಮೂರು ಬಕೆಟ್ ಬಿಟ್ಟ ಮೇಲೂ ತಿಳಿಯಾಗದಿದ್ದರೆ ಒಳಗಿನ ಟ್ಯಾಂಕ್ ತುಕ್ಕು ಹಿಡಿದಿದೆ. ಸೋರಿಕೆ ಇನ್ನೂ ಶುರುವಾಗಿಲ್ಲ ಅಷ್ಟೇ, ಹೊಸದಕ್ಕೆ ದುಡ್ಡು ಎತ್ತಿಡಿ. ಇನ್ನು, ಊರಿಗೆ ಹೋಗಿ ಬಂದ ಮೇಲೆ ಬಿಸಿನೀರು ಕೊಳೆತ ಮೊಟ್ಟೆ ವಾಸನೆ ಹೊಡೆದರೆ ಗಾಬರಿ ಬೇಡ. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಮಾಡುವ ಕೆಲಸ ಅದು. ಬೋರ್‌ವೆಲ್ ನೀರಿದ್ದಲ್ಲಿ ಹೆಚ್ಚು. ಪೂರ್ತಿ ಖಾಲಿ ಮಾಡಿ, ಹೊಸ ನೀರು ತುಂಬಿ, 60 ಡಿಗ್ರಿವರೆಗೆ ಕಾಯಿಸಿ ಮತ್ತೆ ಚೆಲ್ಲಿ.

ನಿಮ್ಮ ಏರಿಯಾದ ನೀರು ಎಂಥದು?

ಗೀಸರ್‌ನ ಆಯಸ್ಸು ಕಂಪನಿಗಿಂತ ನೀರಿನ ಕೈಯಲ್ಲಿ ಜಾಸ್ತಿ ಇದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಖಡಕ್‌ವಾಸ್ಲಾ ಅಣೆಕಟ್ಟಿನ ನೀರು ನಲ್ಲಿಯಲ್ಲಿ ಬರುವ ಪುಣೆಯ ಹಳೆ ಭಾಗಗಳಲ್ಲಿ, ಪವನಾ ನೀರು ಬರುವ ಪಿಂಪ್ರಿ-ಚಿಂಚವಡದಲ್ಲಿ ಗೀಸರ್ ಆರಾಮಾಗಿ ಬಾಳುತ್ತದೆ. ಟ್ಯಾಂಕರ್ ಮತ್ತು ಬೋರ್‌ವೆಲ್ ನಂಬಿಕೊಂಡ ಹೊರವಲಯದ ಸೊಸೈಟಿಗಳಲ್ಲಿ, ವಾಘೋಲಿ, ಉಂಡ್ರಿ, ಹಿಂಜವಡಿ ಸುತ್ತಮುತ್ತ, ಕಥೆ ಬೇರೆ. ನಲ್ಲಿಯ ಸುತ್ತ ಬಿಳಿ ಕಲೆ, ಷವರ್ ತೂತು ಕಟ್ಟುವುದು, ಸೋಪು ನೊರೆ ಬರದಿರುವುದು ಕಂಡರೆ ನಿಮ್ಮದು ಗಡಸು ನೀರು. ಇಲ್ಲಿನ ಮಿಸ್ತ್ರಿಗಳು "ಕ್ಷಾರ್ ಆಹೆ" ಎನ್ನುವುದು ಇದಕ್ಕೇ. ಮುಂಬೈನವರು ಈ ವಿಷಯದಲ್ಲಿ ಪುಣ್ಯವಂತರು, ಭಾತ್ಸಾ, ತಾನ್ಸಾ, ವೈತರಣಾ ಕೆರೆ-ಅಣೆಕಟ್ಟುಗಳ ನೀರು ಮೆದು. ಆದರೆ ಸಮುದ್ರದ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಹೊರ ಕವಚ ಮತ್ತು ಸ್ಕ್ರೂಗಳು ಬೇಗ ತುಕ್ಕು ಹಿಡಿಯುತ್ತವೆ.

ವಾಘೋಲಿಯಲ್ಲಿರುವ ಹುಬ್ಬಳ್ಳಿ ಕಡೆಯ ವೈನಿಯೊಬ್ಬರ ಮನೆಯಲ್ಲಿ ಮಿಸ್ತ್ರಿ ಗೀಸರ್ ಬಿಚ್ಚುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕೆಳಗೆ ಬಕೆಟ್ ಇಟ್ಟು ತಟ್ಟೆಯ ನಟ್ಟು ಸಡಿಲಿಸಿದ. ಮೊದಲು ಬೂದು ಬಣ್ಣದ ನೀರು, ಆಮೇಲೆ ಮುರಿದ ಸುಣ್ಣದ ಚಕ್ಕೆಗಳು ದಬದಬ ಬಿದ್ದವು, ಕೆಲವು ಹೆಬ್ಬೆರಳಿನಷ್ಟು ದಪ್ಪ. ಕಾಯಿಲ್ ಕಾಣಿಸುತ್ತಲೇ ಇರಲಿಲ್ಲ, ಅದರ ಸುತ್ತ ಬಿಳಿ ಕಲ್ಲು ಕಟ್ಟಿತ್ತು. ಪಕ್ಕದಲ್ಲಿ ಬೆರಳಿನ ಗಾತ್ರದ ಮೆಗ್ನೀಷಿಯಂ ಕಡ್ಡಿ ಇರಬೇಕಿದ್ದ ಜಾಗದಲ್ಲಿ ಬರೀ ಒಂದು ತೆಳು ತಂತಿ ಉಳಿದಿತ್ತು. "ಅಯ್ಯ, ಇದರಾಗಿನ ನೀರಿನ್ಯಾಗ ಮಕ್ಕಳಿಗೆ ಎರೀತಿದ್ನೇನು?" ಎಂದು ವೈನಿ ಗಲ್ಲಕ್ಕೆ ಕೈ ಹಚ್ಚಿದರು. ಮಿಸ್ತ್ರಿ ಟಾರ್ಚ್ ಹಾಕಿ ಟ್ಯಾಂಕ್ ಒಳಗೆ ತೋರಿಸಿದ. ಲೇಪ ನೀಲಿಯಾಗಿ ಹೊಳೆಯುತ್ತಿತ್ತು, ತುಕ್ಕಿನ ಚುಕ್ಕೆ ಇರಲಿಲ್ಲ. ಹೊಸ ಕಾಯಿಲ್, ಹೊಸ ಕಡ್ಡಿ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದರು, ಗೀಸರ್ ಈಗಲೂ ನಡೆಯುತ್ತಿದೆ. ಒಳಗೆ ನೋಡದೆ ಬರೀ ಸದ್ದು ಕೇಳಿ ತೀರ್ಮಾನ ಮಾಡಿದ್ದರೆ ಅದನ್ನು ಎಸೆಯುತ್ತಿದ್ದರು.

ಆ ಕಡ್ಡಿಯ ವಿಷಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಅದರ ಹೆಸರು ಆನೋಡ್. ನೀರು ಉಕ್ಕನ್ನು ತಿನ್ನುವ ಬದಲು ಮೊದಲು ಮೆಗ್ನೀಷಿಯಂ ತಿನ್ನುತ್ತದೆ, ಹಾಗಾಗಿ ಕಡ್ಡಿ ಇರುವವರೆಗೆ ಟ್ಯಾಂಕ್ ಬದುಕಿರುತ್ತದೆ. ಕಡ್ಡಿ ಮುಗಿದ ಮೇಲೆ ಟ್ಯಾಂಕ್ ಸರದಿ. ಗಡಸು ನೀರಿದ್ದರೆ ವರ್ಷಕ್ಕೊಮ್ಮೆ, ಒಳ್ಳೆ ನೀರಿದ್ದರೆ ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ. ಹೊಸ ಗೀಸರ್‌ನ ಬೆಲೆಗೆ ಹೋಲಿಸಿದರೆ ಆನೋಡ್ ಬೆಲೆ ಏನೂ ಅಲ್ಲ. ಸರ್ವೀಸ್‌ಗೆ ಬಂದವನು ಹೊರಗೆ ಒರೆಸಿ ಬಿಲ್ ಕೊಟ್ಟರೆ ಅದು ಸರ್ವೀಸ್ ಅಲ್ಲ, "ಆನೋಡ್ ತೋರಿಸಿ" ಎಂದು ಕೇಳಿ. ಥರ್ಮೋಸ್ಟಾಟ್ 55-60 ಡಿಗ್ರಿಯಲ್ಲಿ ಇಡಿ, ಅದಕ್ಕಿಂತ ಮೇಲೆ ಹೋದಂತೆ ಸುಣ್ಣ ಬೇಗ ಕಟ್ಟುತ್ತದೆ.

ವಯಸ್ಸು ಮತ್ತು ದುಡ್ಡಿನ ಲೆಕ್ಕ

ಟ್ಯಾಂಕ್‌ಗೆ ಕಂಪನಿಗಳು ಸಾಮಾನ್ಯವಾಗಿ 5ರಿಂದ 7 ವರ್ಷ ಗ್ಯಾರಂಟಿ ಕೊಡುತ್ತವೆ, ಕಾಯಿಲ್‌ಗೆ ಅದಕ್ಕಿಂತ ಕಡಿಮೆ. ಬಿಲ್ ಎಲ್ಲಿದೆ ಈಗಲೇ ಹುಡುಕಿ, ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಎಷ್ಟೋ ಮನೆಯಲ್ಲಿ ಗ್ಯಾರಂಟಿ ಇದ್ದಾಗಲೇ ದುಡ್ಡು ಕೊಟ್ಟು ಹೊಸದು ತರುತ್ತಾರೆ. ನನ್ನ ಅಂದಾಜಿನಲ್ಲಿ ಪಾಲಿಕೆಯ ನೀರಿಗೆ 8-10 ವರ್ಷ, ಟ್ಯಾಂಕರ್ ನೀರಿಗೆ 5-6 ವರ್ಷ ಬಂದರೆ ಗೀಸರ್ ತನ್ನ ಕೆಲಸ ಮಾಡಿದೆ.

ನಾನು ಪಾಲಿಸುವ ಲೆಕ್ಕ ಸರಳ. ಟ್ಯಾಂಕ್ ಚೆನ್ನಾಗಿದೆ, ರಿಪೇರಿ ಖರ್ಚು ಹೊಸದರ ಅರ್ಧಕ್ಕಿಂತ ಕಡಿಮೆ ಇದೆ, ಬಿಡಿಭಾಗ ಅದೇ ಕಂಪನಿಯದ್ದು ಸಿಗುತ್ತದೆ, ಆಗ ರಿಪೇರಿ. ಅರ್ಧ ದಾಟಿದರೆ ಹೊಸದು. ಒಂದೇ ಚಳಿಗಾಲದಲ್ಲಿ ಎರಡನೇ ಸಲ ದೊಡ್ಡ ಭಾಗ ಕೆಟ್ಟರೆ, ಲೆಕ್ಕ ನೋಡುವುದೂ ಬೇಡ, ಹೊಸದು. ಮಾಡೆಲ್ ನಿಂತುಹೋಗಿ ಲೋಕಲ್ ಕಾಯಿಲ್ ಹೇಗೋ ಕೂರಿಸುತ್ತೇನೆ ಎಂದರೂ ಒಪ್ಪಬೇಡಿ, ಕೂರದ ಗ್ಯಾಸ್ಕೆಟ್ ಸೋರುವುದು ಗ್ಯಾರಂಟಿ.

"ಹಳೇದು ಕರೆಂಟು ತಿನ್ನುತ್ತದೆ, ಫೈವ್ ಸ್ಟಾರ್ ತಗೊಳ್ಳಿ" ಎಂಬ ಮಾತು ಅಂಗಡಿಯಲ್ಲಿ ಕೇಳಿಸುತ್ತದೆ. ಇದರಲ್ಲಿ ಅರ್ಧ ಮಾತ್ರ ನಿಜ. ನೀರು ಕಾಯಿಸುವಾಗ ಹಳೆ ಕಾಯಿಲ್, ಹೊಸ ಕಾಯಿಲ್ ಎರಡೂ ಹೆಚ್ಚುಕಮ್ಮಿ ಒಂದೇ ಕರೆಂಟು ತೆಗೆದುಕೊಳ್ಳುತ್ತವೆ. ಟ್ಯಾಂಕ್ ಇರುವ ಗೀಸರ್‌ನ ಸ್ಟಾರ್ ಅಳೆಯುವುದು ಬೇರೆಯದನ್ನು: ಕಾದ ನೀರು ಸುಮ್ನೆ ನಿಂತಾಗ 24 ಗಂಟೆಯಲ್ಲಿ ಎಷ್ಟು ಶಾಖ ಹೊರಗೆ ಹೋಗುತ್ತದೆ ಎಂದು. ಸ್ನಾನಕ್ಕೆ ಮುಂಚೆ ಆನ್ ಮಾಡಿ ಆಮೇಲೆ ಆಫ್ ಮಾಡುವ ಮನೆಗೆ ಇದರಿಂದ ಸಿಗುವ ಲಾಭ ಕಡಿಮೆ. ಬೆಳಗಿನಿಂದ ರಾತ್ರಿವರೆಗೆ ಆನ್ ಇಡುವ, ವಯಸ್ಸಾದವರು, ಬಾಣಂತಿ, ಪುಟ್ಟ ಮಗು ಇರುವ ಮನೆಗೆ ಜಾಸ್ತಿ ಲಾಭ. ಕಾದ ಗೀಸರ್‌ನ ಹೊರಮೈ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಇನ್ಸುಲೇಷನ್ ಹಾಳಾಗಿದೆ, ದುಡ್ಡು ಗಾಳಿಗೆ ಹೋಗುತ್ತಿದೆ. ಮಹಾವಿತರಣದ ಬಿಲ್ಲಿನಲ್ಲಿ 100, 300, 500 ಯೂನಿಟ್ ದಾಟಿದಾಗ ದರ ಏರುತ್ತದೆ, ಚಳಿಗಾಲದಲ್ಲಿ 300 ದಾಟಿಸುವುದು ಬಹಳ ಮನೆಗಳಲ್ಲಿ ಗೀಸರೇ.

ಗ್ಯಾಸ್ ಗೀಸರ್ ಇದ್ದವರು ಇದನ್ನು ಓದಲೇಬೇಕು

ಕರೆಂಟಿನ ಗೀಸರ್‌ಗೆ ನಾನು ರಿಪೇರಿ ಪರ. ಗ್ಯಾಸ್ ಗೀಸರ್‌ಗೆ ಅಲ್ಲ. ಇಲ್ಲಿ ಸ್ವಲ್ಪ ಅನುಮಾನ ಬಂದರೂ ಬದಲಿಸಿ.

ಕಾರಣ ಕಾರ್ಬನ್ ಮಾನಾಕ್ಸೈಡ್. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಅನಿಲ ಇದು. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಸ್ನಾನಕ್ಕೆ ಹೋದವರು ತಲೆ ಸುತ್ತಿ ಬಿದ್ದು ಮತ್ತೆ ಏಳದ ಸುದ್ದಿ ಚಳಿಗಾಲದಲ್ಲಿ ಓದುತ್ತಲೇ ಇರುತ್ತೇವೆ. ಸ್ನಾನದ ಹೊತ್ತಿಗೆ ತಲೆನೋವು, ಓಕರಿಕೆ, ಮಂಪರು ಬರುತ್ತಿದ್ದು, ಹೊರಗೆ ಬಂದ ಮೇಲೆ ಕಡಿಮೆಯಾಗುತ್ತಿದ್ದರೆ ಬಿಪಿ, ಆಸಿಡಿಟಿ ಎಂದುಕೊಳ್ಳದೆ ಮೊದಲು ಈ ಅನಿಲದ ಮೇಲೆಯೇ ಅನುಮಾನ ಪಡಿ. ಗೀಸರ್ ಬಂದ್ ಮಾಡಿ, ಕಿಟಕಿ ತೆರೆಯಿರಿ, ಡಾಕ್ಟರಿಗೆ ಗ್ಯಾಸ್ ಗೀಸರ್ ಇರುವ ವಿಷಯ ಬಾಯಿಬಿಟ್ಟು ಹೇಳಿ.

ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿ, ಎತ್ತರವಾಗಿ ಕುಣಿಯುತ್ತಿದ್ದರೆ, ಗೀಸರ್ ಮೇಲೆ ಅಥವಾ ಗೋಡೆ ಮೇಲೆ ಮಸಿ ಕೂತಿದ್ದರೆ ಬರ್ನರ್ ಕಟ್ಟಿದೆ. ಹೊತ್ತಿಕೊಳ್ಳುವಾಗ ತಡವಾಗಿ ಢಬ್ ಎಂದು ಸದ್ದು ಬಂದರೆ ಗ್ಯಾಸ್ ಒಳಗೆ ಸೇರಿದ ಮೇಲೆ ಬೆಂಕಿ ತಗುಲುತ್ತಿದೆ. ಮಸಿ ಬಂದ, ಬರ್ನರ್ ತುಕ್ಕು ಹಿಡಿದ ಹಳೆ ಗ್ಯಾಸ್ ಗೀಸರ್ ರಿಪೇರಿ ಮಾಡಿಸಬೇಡಿ. ಹೊತ್ತಿಕೊಳ್ಳುತ್ತಲೇ ಇಲ್ಲ ಎಂದರೆ ಮಾತ್ರ ಮೊದಲು ಬ್ಯಾಟರಿ ಸೆಲ್ ಮತ್ತು ನೀರಿನ ಒತ್ತಡ ನೋಡಿ, ಹೆಚ್ಚಾಗಿ ಅದೇ ಇರುತ್ತದೆ. ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್ ಬಂದಿದ್ದರೆ ಹಳೆ ಗೀಸರ್ ಹಾಗೇ ಜೋಡಿಸಬಾರದು, ಎರಡಕ್ಕೂ ಜೆಟ್ (ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಭಾಗ) ಬೇರೆ ಬೇರೆ. ಮತ್ತು ಹೊಸದನ್ನು ತಂದು ಅದೇ ಬಾತ್‌ರೂಮಿನ ಒಳಗೆ ಹಾಕಬೇಡಿ. ಗಾಳಿ ಆಡುವ ಡ್ರೈ ಬಾಲ್ಕನಿಯಲ್ಲಿ (ಬಟ್ಟೆ, ಪಾತ್ರೆ ತೊಳೆಯುವ ಬಾಲ್ಕನಿ) ಹಾಕಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಅಂಥ ಜಾಗ ಇಲ್ಲದ ಮನೆಗೆ ಕರೆಂಟಿನದ್ದೇ ಸರಿ.

ಛಾವಣಿಯ ಸೋಲಾರ್

ಪುಣೆಯಲ್ಲಿ ಇದು ಬಹಳ ಸೊಸೈಟಿಗಳಲ್ಲಿದೆ. ಬಿಸಿನೀರು ಬರುತ್ತಿಲ್ಲ ಎಂದ ಕೂಡಲೇ ಮೀಟಿಂಗ್ ಕರೆದು ಪೂರ್ತಿ ಸಿಸ್ಟಂ ಬದಲಿಸುವ ಮಾತು ಶುರುವಾಗುತ್ತದೆ. ಅದಕ್ಕೂ ಮುಂಚೆ ಯಾರಾದರೂ ಛಾವಣಿಗೆ ಹತ್ತಿ ಗಾಜಿನ ಕೊಳವೆಗಳ ಮುಚ್ಚಿದ ತುದಿ ನೋಡಿ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದರೆ ಒಳಗಿನ ನಿರ್ವಾತ ಸರಿ ಇದೆ. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಆ ಕೊಳವೆ ಇನ್ನು ಶಾಖ ಹಿಡಿದಿಡುವುದಿಲ್ಲ. ಬೆಳ್ಳಗಾದವನ್ನು ಎಣಿಸಿ, ಅವನ್ನಷ್ಟೇ ಬದಲಿಸಿ. ಧೂಳು ತೊಳೆಯಿರಿ. ಟ್ಯಾಂಕ್ ಸೋರುತ್ತಿದ್ದರೆ ಅಥವಾ ತಾಮ್ರದ ಪೈಪಿನ ಪ್ಯಾನೆಲ್ ಒಳಗೆ ಸುಣ್ಣ ಪೂರ್ತಿ ಕಟ್ಟಿದ್ದರೆ ಮಾತ್ರ ದೊಡ್ಡ ಖರ್ಚಿನ ಮಾತು.

ಬಾಡಿಗೆ ಮನೆಯಲ್ಲಿದ್ದರೆ

ಹಿಂಜವಡಿ, ಖರಾಡಿ ಕಡೆ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರು ಹೆಚ್ಚಿನವರು 11 ತಿಂಗಳ ಅಗ್ರಿಮೆಂಟಿನಲ್ಲಿ ಇರುತ್ತಾರೆ. ಮನೆ ಹೊಕ್ಕ ದಿನವೇ ಗೀಸರ್‌ನ ಕೆಳಭಾಗ, ಗೋಡೆ, ಲೇಬಲ್ ಮೇಲಿನ ವರ್ಷ, ಇಷ್ಟರ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿಬಿಡಿ. ಹಳೆ ಟ್ಯಾಂಕ್ ತೂತಾದರೆ ಅದು ಓನರ್ ಖರ್ಚು ಎಂದು ಧೈರ್ಯವಾಗಿ ಹೇಳಿ. ಶಾಕ್ ಹೊಡೆಯುತ್ತಿದ್ದರೆ ಮಾತ್ರ ಯಾರು ದುಡ್ಡು ಕೊಡುವುದು ಎಂಬ ವಾದ ಮುಗಿಯುವವರೆಗೆ ಕಾಯಬೇಡಿ, ಬಂದ್ ಮಾಡಿ, ಒಲೆ ಮೇಲೆ ನೀರು ಕಾಯಿಸಿಕೊಳ್ಳಿ.

ಹೊಸದು ತರುವುದೇ ಎಂದಾದರೆ

ಬಕೆಟ್ ಸ್ನಾನದ ಎರಡು ಮೂರು ಜನರಿಗೆ 15 ಲೀಟರ್ ಸಾಕು, ಷವರ್ ಅಭ್ಯಾಸ ಇರುವ ದೊಡ್ಡ ಮನೆಗೆ 25. ಐಎಸ್‌ಐ ಗುರುತು ಇರಲೇಬೇಕು. ಎತ್ತರದ ಕಟ್ಟಡವಾದರೆ ಡಬ್ಬದ ಮೇಲೆ 8 ಬಾರ್ (ತಡೆಯಬಲ್ಲ ನೀರಿನ ಒತ್ತಡದ ಅಳತೆ) ಎಂದಿದೆಯಾ ನೋಡಿ. ಮೇಲಿನ ಟ್ಯಾಂಕಿನಿಂದ ಪ್ರತಿ 10 ಮೀಟರ್ ಕೆಳಗೆ ಬಂದಂತೆ ಸುಮಾರು 1 ಬಾರ್ ಒತ್ತಡ ಏರುತ್ತದೆ, ಹಾಗಾಗಿ 20 ಮಹಡಿಯ ಕಟ್ಟಡದಲ್ಲಿ, ಒತ್ತಡ ಇಳಿಸುವ ವಾಲ್ವ್ ಹಾಕಿಲ್ಲದಿದ್ದರೆ, ಎರಡನೇ ಮಹಡಿಯವರ ಗೀಸರ್ ಮೇಲೆ ಬೀಳುವ ಹೊರೆ ಮೇಲಿನವರಿಗಿಂತ ಎಷ್ಟೋ ಜಾಸ್ತಿ. ಗಡಸು ನೀರಿನವರು ಗಾಜಿನ ಲೇಪದ ಟ್ಯಾಂಕ್ ಮತ್ತು ದಪ್ಪ ಆನೋಡ್ ಇರುವುದನ್ನೇ ಕೇಳಿ.

ಗೋಡೆ ಯಾವುದು ಎಂದೂ ನೋಡಿ. ನೀರು ತುಂಬಿದ 25 ಲೀಟರ್ ಗೀಸರ್ 35 ಕಿಲೋ ಹತ್ತಿರ ತೂಗುತ್ತದೆ. ಹೊಸ ಕಟ್ಟಡಗಳ ಹಗುರ ಬಿಳಿ ಬ್ಲಾಕ್ ಗೋಡೆಗೆ ಮಾಮೂಲಿ ಬೋಲ್ಟ್ ಹಿಡಿಯುವುದಿಲ್ಲ, ಅದಕ್ಕೆಂದೇ ಬೇರೆ ಆಂಕರ್ ಬರುತ್ತದೆ. ಹಳೆ ತೂತುಗಳಿಗೇ ಕೂರಿಸಿ ಹೋಗಲು ಬಿಡಬೇಡಿ. ಹಳೆ ಕನೆಕ್ಷನ್ ಪೈಪು, ಹಳೆ ಸೇಫ್ಟಿ ವಾಲ್ವ್ ಮತ್ತೆ ಹಾಕಿಸಬೇಡಿ, ಹೊಸದರ ಜೊತೆ ಬಂದ ವಾಲ್ವ್ ಹಾಕಿಸಿ.

ಎಲ್ಲ ಕೂರಿಸಿದ ಮೇಲೆ ಮೊದಲು ಬಿಸಿನೀರಿನ ನಲ್ಲಿ ತೆರೆದಿಡಿ. ಗಾಳಿ ಬುಸ್ ಎಂದು ಹೋಗಿ, ನೀರು ಕಡಿಯದೆ ಒಂದೇ ಧಾರೆಯಲ್ಲಿ ಬರುವವರೆಗೆ ಕಾಯಿರಿ, ಅಂದರೆ ಟ್ಯಾಂಕ್ ತುಂಬಿದೆ. ಆಮೇಲೆ ನಲ್ಲಿ ಮುಚ್ಚಿ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿಗೆ ಕರೆಂಟು ಕೊಟ್ಟರೆ ಹೊಸ ಕಾಯಿಲ್ ಅಲ್ಲೇ ಸುಟ್ಟುಹೋಗುತ್ತದೆ, ಅದಕ್ಕೆ ಗ್ಯಾರಂಟಿಯೂ ಸಿಗುವುದಿಲ್ಲ.